ಹರಾಜಮ್ಮನ ಲೋಟ

ಹೂಜಿ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರು ಇಟ್ಟದ್ದು ಚೆನ್ನಾಗಿಯೇ ಇತ್ತು. ಕೆಲಸಕ್ಕೆ ಸೇರಿದ ಮೊದಲ ದಿನ, ಮಧ್ಯಾಹ್ನದ ಊಟಕ್ಕೆ ಮುಂಚೆಯೇ, ಅದನ್ನು ಅವನು ಕೈಯಾರೆ ಕಳೆದುಕೊಂಡ.

ತಾಲ್ಲೂಕು ಕಚೇರಿಯ ಲೆಕ್ಕದ ವಿಭಾಗಕ್ಕೆ ಕಿರಿಯ ಗುಮಾಸ್ತನಾಗಿ ಬಂದಿದ್ದ ಅವನು ಅಂದು ಇಸ್ತ್ರಿಯ ಗೆರೆ ಮುರಿಯದ ಅಂಗಿ ತೊಟ್ಟು, ಯಾರು ಏನು ಹೇಳಿದರೂ 'ಆಗಲಿ ಸಾರ್' ಎನ್ನಲು ತಯಾರಾಗಿ ಕುರ್ಚಿಯ ತುದಿಯಲ್ಲಿ ಕೂತಿದ್ದ. ಯಾರೂ ಏನೂ ಹೇಳಲಿಲ್ಲ. ಪಕ್ಕದ ಸಭಾಂಗಣದಿಂದ ಮಾತ್ರ ಒಬ್ಬ ಹೆಂಗಸು ಯಾರಿಗೋ ಬೆಂಡೆತ್ತುತ್ತಿರುವಂಥ ದನಿ ಗೋಡೆ ದಾಟಿ ಬರುತ್ತಿತ್ತು. ಎದ್ದು ಹೋಗಿ ಇಣುಕಿದ. ಹಾಲಿನ ತುಂಬ ಜನ. ಎದುರಿಗೆ ಮರದ ಜಗಲಿಯ ಮೇಲೆ ದಪ್ಪ ಕನ್ನಡಕದ ಒಬ್ಬಾಕೆ ನಿಂತು ಕೂಗುತ್ತಿದ್ದವಳು ಥಟ್ಟನೆ ಮಾತು ನಿಲ್ಲಿಸಿ, ಸ್ಟೀಲಿನ ಲೋಟ ಎತ್ತಿ ನೀರು ಕುಡಿಯತೊಡಗಿದಳು. ಇಡೀ ಹಾಲು ಉಸಿರು ಬಿಗಿಹಿಡಿದು ಅವಳನ್ನೇ ನೋಡುತ್ತಿತ್ತು.

ಅವನಿಗೆ ಕರುಳು ಚುರುಕ್ ಎಂದಿತು. ಪಾಪ, ಅಷ್ಟು ಹೊತ್ತಿನಿಂದ ಕೂಗಿ ಕೂಗಿ ಗಂಟಲು ಒಣಗಿದೆ. ಇಷ್ಟು ಗಂಡಸರಿದ್ದೂ ಒಬ್ಬನಿಗಾದರೂ ಇನ್ನೊಂದಿಷ್ಟು ನೀರು ಬೇಕೇ ಎಂದು ಕೇಳುವ ಬುದ್ಧಿ ಇಲ್ಲವಲ್ಲ! ಕಿಟಕಿಯ ಕಟ್ಟೆಯ ಮೇಲೆ ಮಣ್ಣಿನ ಹೂಜಿ ಇತ್ತು. ಬಾಯಾರಿದವರಿಗೆ ನೀರು ಕೊಡಬೇಕೆಂದು ಅಮ್ಮ ಕಲಿಸಿದ್ದ ಪಾಠ ನೆನಪಿಗೆ ಬಂತು. ಹೂಜಿ ಎತ್ತಿಕೊಂಡು ಜನರ ನಡುವೆ ನುಸುಳಿ ಜಗಲಿಯ ಹತ್ತಿರ ಹೋದ. ಲೋಟದಲ್ಲಿ ಕೊನೆಯ ಗುಟುಕು ಉಳಿದಿತ್ತು. ಅಂಚಿನ ತನಕ ತುಂಬಿಸಿಬಿಟ್ಟ.

ಆಕೆ ಲೋಟದ ಮೇಲಿಂದ ಅವನನ್ನು ನೋಡಿದ ನೋಟ ಇವತ್ತಿಗೂ ಅವನ ಕನಸಿನಲ್ಲಿ ಬರುವುದುಂಟು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. "ಇನ್ನೊಂದು ಸಾವಿರ!" ಅದರ ಬೆನ್ನಿಗೆ ಮತ್ತೊಂದು ಕೈ. ಹಾಲು ಹಾಲಿನ ಹಾಗೆಯೇ ಉಕ್ಕಿತು. ಎರಡನೇ ಲೋಟ ಮುಗಿಯುವ ಹೊತ್ತಿಗೆ, ಹೆದ್ದಾರಿಯ ಎರಡೂ ಬದಿಯ ಹುಲ್ಲು ಕೊಯ್ಯುವ ಒಂದು ವರ್ಷದ ಹಕ್ಕು ಯಾವ ಬೆಲೆಗೆ ಹೋಯಿತೆಂದರೆ, ಆ ಬೆಲೆಗೆ ಹಸುಗಳಿಗೆ ಬಾದಾಮಿ ತಿನ್ನಿಸಬಹುದಿತ್ತು. ಸವಾಲು ಗೆದ್ದ, ಹಸು ಸಾಕಿ ಹಾಲು ಮಾರುವ ಹಾಲಿನವನು ಗೆದ್ದವನ ಹಾಗೆ ಕಾಣಲಿಲ್ಲ. ತಲೆಯ ಮೇಲೆ ಕೈಹೊತ್ತು ನೆಲದ ಮೇಲೆ ಕೂತುಬಿಟ್ಟ. ನಮ್ಮ ಗುಮಾಸ್ತ ಮಾತ್ರ ಪುಣ್ಯದ ಕೆಲಸ ಮಾಡಿದ ತೃಪ್ತಿಯಲ್ಲಿ, ಹೂಜಿಯನ್ನು ಎದೆಗವಚಿಕೊಂಡು, ಮುಗುಳ್ನಗುತ್ತ ನಿಂತಿದ್ದ.

ಆ ಕ್ಷಣದಿಂದ ಅವನು ಹೂಜಿ.

ಅವನು ಮಾಡಿದ ಅನಾಹುತ ಎಂಥದ್ದೆಂದು ತಿಳಿಯಬೇಕಾದರೆ ಹರಾಜಮ್ಮನ ವಿಷಯ ತಿಳಿಯಬೇಕು. ತಾಲ್ಲೂಕು ಕಚೇರಿಗೆ ತೆರಿಗೆಯಿಂದ ಬರುವುದು ಎಷ್ಟೋ ಅಷ್ಟೆ. ಉಳಿದದ್ದು ಬರುವುದು ಹರಾಜಿನಿಂದ. ಸಂತೆಯ ಮಳಿಗೆ, ಹೊಳೆ ದಾಟಿಸುವ ದೋಣಿ, ಕೆರೆಯ ಮೀನು, ರಸ್ತೆ ಬದಿಯ ಹುಲ್ಲು, ಗಾಳಿಗೆ ಬಿದ್ದ ಮರ, ಕಾಲು ಮುರಿದ ಸರ್ಕಾರಿ ಕುರ್ಚಿ, ಬೀಡಾಡಿಯಾಗಿ ಸಿಕ್ಕಿಬಿದ್ದು ದೊಡ್ಡಿ ಸೇರಿದ ಮೇಕೆ, ಎಲ್ಲವನ್ನೂ ವರ್ಷಕ್ಕೊಮ್ಮೆಯೋ ಆಗಾಗಲೋ ಕೂಗಿ ಕೊಡುತ್ತಾರೆ. ಕೂಗುವವಳು ಹರಾಜಮ್ಮ. 'ಒಂದನೇ ಸಾರಿ' ಎನ್ನುತ್ತಾಳೆ. ಕಾಯುತ್ತಾಳೆ. 'ಎರಡನೇ ಸಾರಿ' ಎನ್ನುತ್ತಾಳೆ. ಆಮೇಲೆ, ಮೂರನೇ ಸಾರಿಗೆ ಮುಂಚೆ, ನೀರು ಕುಡಿಯುತ್ತಾಳೆ.

ಆ ನೀರಿನಲ್ಲಿದೆ ಎಲ್ಲ. ನಿಧಾನವಾಗಿ ತಳ ಕಾಣುವ ತನಕ ಕುಡಿದಳೋ, ಮಾಲು ಇನ್ನೂ ಬೆಲೆ ಬಾಳುತ್ತದೆ, ಧೈರ್ಯವಾಗಿ ಏರಿಸಿ ಎಂದರ್ಥ. ತುಟಿ ಒದ್ದೆ ಮಾಡಿ ಇಟ್ಟುಬಿಟ್ಟಳೋ, ಬೆಲೆ ಉಕ್ಕಿ ಹೋಗಿದೆ, ಸುಮ್ಮನೆ ಮನೆಗೆ ಹೋಗಿ ಎಂದರ್ಥ. ಹೀಗೆಂದು ಅವಳು ಯಾರಿಗೂ ಹೇಳಿದವಳಲ್ಲ. ಕೇಳಿದರೆ "ಗಂಟಲು ನಂದು, ಲೋಟ ನಂದು, ನಿಮಗೇನ್ರಯ್ಯಾ?" ಎನ್ನುವಳು. ಆದರೂ ಜನ ಮೋಡ ನೋಡಿ ಮಳೆ ಹೇಳುವ ಹಾಗೆ ಲೋಟ ನೋಡಿ ಬೆಲೆ ಹೇಳುತ್ತಿದ್ದರು. ಅಂಥ ಲೋಟ ಮುಗಿಯುತ್ತ ಬಂದಾಗ ಮತ್ತೆ ತುಂಬಿದ್ದು ತಾಲ್ಲೂಕಿನ ಚರಿತ್ರೆಯಲ್ಲೇ ಇರಲಿಲ್ಲ. ಹೆದ್ದಾರಿಯ ಹುಲ್ಲಿನ ಕೆಳಗೆ ಚಿನ್ನ ಸಿಕ್ಕಿದೆ ಎಂದೇ ಜನ ತಿಳಿದರು.

ಆ ಸಂಜೆ ಹರಾಜಮ್ಮ ಲೆಕ್ಕದ ವಿಭಾಗಕ್ಕೆ ಬಂದು ಅವನ ಮೇಜಿನ ಮೇಲೆ ಒಂದು ಕುಡುಗೋಲು ಇಟ್ಟಳು.

"ಏನಮ್ಮಾ ಇದು?"

"ನೀರು ಹಾಕಿದೋನು ನೀನು ತಾನೆ? ಹುಲ್ಲು ಕೊಯ್ಯೋಕೂ ನೀನೇ ಹೋಗು. ಆ ಹಾಲಿನವನಿಗೆ ಆಳು ಇಡೋಕೆ ನೀನೇನೂ ಉಳಿಸಿಲ್ಲ."

ಹೂಜಿ ಎರಡು ಭಾನುವಾರ ಹೆದ್ದಾರಿಯ ಬದಿಯಲ್ಲಿ ಹುಲ್ಲು ಕೊಯ್ದ. ಮೊದಲನೇ ಭಾನುವಾರ ಹುಲ್ಲಿಗಿಂತ ಹೆಚ್ಚಾಗಿ ತನ್ನ ಪ್ಯಾಂಟಿನ ಅಂಚನ್ನು ಕೊಯ್ದುಕೊಂಡ. ಎರಡನೇ ಭಾನುವಾರ ಹಾಲಿನವನೇ ಕೈಮುಗಿದು, "ಸಾರ್, ನೀವು ಬರದೆ ಇದ್ರೆ ನನಗೆ ಇನ್ನೂ ಲಾಭ ಸಾರ್. ನೀವು ಕೊಯ್ದಿದ್ದನ್ನ ಹುಡುಕೋಕೇ ಒಬ್ಬ ಆಳು ಬೇಕು" ಎಂದ. ಅಲ್ಲಿಗೆ ಲೆಕ್ಕ ಚುಕ್ತಾ ಆಯಿತು. ಹರಾಜಮ್ಮನಿಗೂ ಹೂಜಿಗೂ ಸ್ನೇಹವಾದದ್ದು ಹಾಗೆ.

ಸ್ನೇಹಕ್ಕೆ ಇನ್ನೊಂದು ಗಟ್ಟಿ ಕಾರಣವಿತ್ತು: ಊಟದ ಡಬ್ಬಿ. ಬಾಡಿಗೆ ಕೋಣೆಯಲ್ಲಿ ಬ್ರೆಡ್ಡು ತಿಂದು ಬದುಕುತ್ತಿದ್ದ ಹೂಜಿಗೆ ಅವಳು ದಿನಾ ತನ್ನ ಡಬ್ಬಿಯಲ್ಲಿ ಅರ್ಧ ಕೊಡುತ್ತಿದ್ದಳು. ಅಡುಗೆ ಮಾಡುತ್ತಿದ್ದುದು ಅವಳಲ್ಲ, ಸೊಸೆ. ಒಮ್ಮೆ ಸೊಸೆ ತವರಿಗೆ ಹೋದಾಗ ಹರಾಜಮ್ಮ ತಾನೇ ಮಾಡಿದ ಅಡುಗೆ ತಂದಳು. ಹೂಜಿ ಒಂದು ತುತ್ತು ಬಾಯಿಗಿಟ್ಟು, ಮರ್ಯಾದೆಗೆ ಅಂಜಿ ನುಂಗಿದ. ಬದನೆಕಾಯಿಯನ್ನು ಅವಳು ಬೇಯಿಸಿರಲಿಲ್ಲ, ಬೆದರಿಸಿ ಬಿಟ್ಟಿದ್ದಳು. ಅವಳೂ ಒಂದು ತುತ್ತು ತಿಂದು ಡಬ್ಬಿ ಮುಚ್ಚಿದಳು. "ನಡಿಯಪ್ಪ, ಬಸ್ ಸ್ಟ್ಯಾಂಡ್ ಎದುರಿನ ಮೀಸೆ ಹೋಟೆಲಿಗೆ ಹೋಗೋಣ. ದುಡ್ಡು ನೀನು ಕೊಡು, ನಾನು ದುಃಖದಲ್ಲಿದ್ದೀನಿ."

ಅವಳು ಆ ಕೆಲಸಕ್ಕೆ ಬಂದದ್ದೂ ಒಂದು ಕತೆಯೇ. ಹರೆಯದಲ್ಲಿ ಅವಳು ಸಂತೆಯಲ್ಲಿ ಪೊರಕೆ ಮಾರುತ್ತಿದ್ದಳು. ಗಂಡ ಕಲ್ಲುಕೆಲಸದವನು; ಮಾತು ಕಡಿಮೆ. ಮನೆಯ ಮಾತನ್ನೆಲ್ಲ ಅವಳೇ ಆಡಬೇಕಾಗಿದ್ದರಿಂದ ಗಂಟಲು ಚೆನ್ನಾಗಿ ಪಳಗಿತ್ತು. ಒಂದು ಸಂತೆಯ ದಿನ ಸುಂಕದವನು ಪೊರಕೆಯ ಹೊರೆಗೆ ಸೌದೆಯ ಸುಂಕ ಹಾಕಿದ. ಜಗಳವಾಡುತ್ತ ಅವನನ್ನು ಕಚೇರಿಯ ಕಿಟಕಿಯ ತನಕ ಅಟ್ಟಿಸಿಕೊಂಡು ಬಂದಳು. ಒಳಗೆ ಹರಾಜು ನಡೆದಿತ್ತು. ಹಳೆಯ ಕೂಗುವವನಿಗೆ ಗಂಟಲು ಕಟ್ಟಿ, ಅವನು 'ಎರಡನೇ ಸಾರಿ' ಎಂದದ್ದು ಮುಂದಿನ ಸಾಲಿಗೂ ಕೇಳದೆ ಜನ ಗಲಾಟೆ ಎಬ್ಬಿಸಿದ್ದರು. ಕಿಟಕಿಯ ಹೊರಗಿನಿಂದ ಮಾತ್ರ "ಪೊರಕೆ ಸೌದೆ ಅಂದ್ರೆ ನಿಮ್ಮನೇಲಿ ಪೊರಕೆ ಉರಿಸಿ ಅನ್ನ ಬೇಯಿಸ್ತೀರೇನಯ್ಯಾ?" ಎಂಬುದು ಮೂಲೆಮೂಲೆಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಆಗಿನ ಅಧಿಕಾರಿ ಎದ್ದು ಕಿಟಕಿಗೆ ಬಂದು, "ಆ ಹೆಂಗಸನ್ನ ಒಳಗೆ ಕರೀರಿ. ಹೊರಗಿದ್ರೆ ನಮಗೆ ನಷ್ಟ" ಎಂದರಂತೆ.

ಒಳಗೆ ಬಂದವಳು ಮತ್ತೆ ಹೊರಗೆ ಹೋಗಲಿಲ್ಲ. ಪೊರಕೆಯ ಸುಂಕವನ್ನು ಮಾತ್ರ ಮೊದಲನೇ ತಿಂಗಳಲ್ಲೇ ಇಳಿಸಿದಳು.

ಅವಳ ಜೊತೆ ಸಂಜೆ ಮನೆಯ ಕಡೆ ನಡೆಯುವುದೆಂದರೆ ಹೂಜಿಗೆ ಒಂದು ತಮಾಷೆ. ಬೀದಿದೀಪದ ಕೆಳಗೆ ನಿಂತು, "ಇದು ಮೀನಿನ ದೀಪ" ಎನ್ನುವಳು. ಅಂದರೆ ಕೆರೆಯ ಮೀನಿನ ಹರಾಜಿನ ದುಡ್ಡಿನಲ್ಲಿ ಹಾಕಿಸಿದ್ದು. "ಆ ನಲ್ಲಿ ಇದೆಯಲ್ಲ, ಅದು ದೋಣಿ. ಆಸ್ಪತ್ರೆ ಮುಂದಿನ ಬೆಂಚು ಬಿದ್ದ ಮರ. ಈ ಚರಂಡಿ ಇದೆಯಲ್ಲ, ಇದು ನೀನು." ಹುಲ್ಲಿನ ಹಣ ಎಂದರ್ಥ. ಹೂಜಿ ಒಂದು ದಿನ, ಹಣವೆಲ್ಲ ಒಂದೇ ಖಾತೆಗೆ ಹೋಗುತ್ತದೆ, ಯಾವುದು ಯಾವುದಕ್ಕೆ ಎಂದು ಹೇಳಲು ಬರುವುದಿಲ್ಲ ಎಂದು ಲೆಕ್ಕದವನ ಗತ್ತಿನಲ್ಲಿ ವಿವರಿಸಿದ. ಹರಾಜಮ್ಮ ಪೂರ್ತಿ ಕೇಳಿಸಿಕೊಂಡಳು. "ಗೊತ್ತು ಕಣಪ್ಪ. ಆದ್ರೆ ಒಂದೇ ಖಾತೆ ಅಂದ್ರೆ ಯಾರಿಗೂ ನಮ್ದು ಅನ್ನಿಸಲ್ಲ. ಮೀನಿನ ದೀಪ ಅಂತ ಹೇಳಿ ನೋಡು, ಮೀನಿನವನೇ ಬಂದು ಬಲ್ಬು ಒರೆಸ್ತಾನೆ." ಮೀನಿನವನು ನಿಜವಾಗಿಯೂ ಒರೆಸುತ್ತಿದ್ದ. ಹುಲ್ಲಿನ ಚರಂಡಿಯ ಹತ್ತಿರ ಹಾದುಹೋಗುವಾಗ ಹೂಜಿಗೂ ಯಾಕೋ ಎದೆ ಉಬ್ಬುತ್ತಿತ್ತು. ಬೇರೆ ಯಾರ ಎದೆಯೂ ಚರಂಡಿ ನೋಡಿ ಉಬ್ಬಿದ್ದನ್ನು ಅವನು ಕಂಡಿರಲಿಲ್ಲ.

ಅವಳು ಎಲ್ಲವನ್ನೂ ಏರಿಸಿಯೇ ಮಾರುತ್ತಿದ್ದಳೆಂದಲ್ಲ. ಒಂದು ವರ್ಷ ದೋಣಿಯ ಹರಾಜಿನಲ್ಲಿ ಇಬ್ಬರು ಷಡ್ಡಕರು ಪಂತಕ್ಕೆ ಬಿದ್ದು, ಹೊಳೆಯನ್ನೇ ಕೊಳ್ಳುವವರ ಹಾಗೆ ಏರಿಸುತ್ತಿದ್ದರು. ಹರಾಜಮ್ಮ ಲೋಟ ತುಟಿಗೆ ತಾಗಿಸಿದಂತೆ ಮಾಡಿ, ಕಿರಿಯವನು ಬಾಯಿ ತೆರೆಯುವುದರೊಳಗೆ ಮೂರನೇ ಸಾರಿ ಕೂಗಿ ಸುತ್ತಿಗೆ ಹೊಡೆದುಬಿಟ್ಟಳು. ಅಧಿಕಾರಿ ಕೆಂಡವಾದರು. ಇನ್ನೊಂದು ಗಳಿಗೆ ತಡೆದಿದ್ದರೆ ಕಚೇರಿಗೆ ಇನ್ನಷ್ಟು ಬರುತ್ತಿರಲಿಲ್ಲವೇ? "ಬರ್ತಿತ್ತು ಸಾರ್. ಆದ್ರೆ ಈ ವರ್ಷ ಮುಳುಗಿದೋನು ಮುಂದಿನ ವರ್ಷ ಸವಾಲಿಗೆ ಬರಲ್ಲ. ಕಚೇರಿ ಮುಂದಿನ ವರ್ಷವೂ ಇರುತ್ತೆ ತಾನೆ?" ಎಂದಳು. ಕಚೇರಿ ಮುಂದಿನ ವರ್ಷವೂ ಇತ್ತು, ಅಧಿಕಾರಿಗೆ ವರ್ಗವಾಗಿತ್ತು.

ಇಂಥ ಹರಾಜಮ್ಮನಿಗೆ ಇಕ್ಕಟ್ಟು ಬಂದದ್ದು ಮನೆಯ ಒಳಗಿನಿಂದ.

ಸೊಸೆಯನ್ನು ಊರೆಲ್ಲ ಜಿಪ್ಪಕ್ಕ ಎಂದು ಕರೆಯುತ್ತಿತ್ತು. ಬಸ್ ನಿಲ್ದಾಣದ ಮುಂದಿನ ಫುಟ್‌ಪಾತಿನಲ್ಲಿ ಗೋಣಿ ಹಾಸಿ ಕೂತು ಬ್ಯಾಗಿನ ಜಿಪ್ಪು, ಕೊಡೆಯ ಕಡ್ಡಿ, ಸೂಟ್‌ಕೇಸಿನ ಹಿಡಿ ರಿಪೇರಿ ಮಾಡುತ್ತಿದ್ದಳು. ಕೈ ಎಷ್ಟು ಚುರುಕೆಂದರೆ ಬಸ್ಸು ಹಾರ್ನ್ ಹೊಡೆಯುತ್ತಿರುವಾಗಲೇ ಬಾಯಿ ಬಿಟ್ಟ ಬ್ಯಾಗು ಕೊಟ್ಟವರು ಬಾಯಿ ಮುಚ್ಚಿದ ಬ್ಯಾಗು ತೆಗೆದುಕೊಂಡು ಅದೇ ಬಸ್ಸು ಹತ್ತುತ್ತಿದ್ದರು. ಗಂಡ ಲಾರಿ ಡ್ರೈವರ್. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಈಗ ರಸ್ತೆ ಅಗಲ ಮಾಡುವುದೆಂದು ತೀರ್ಮಾನವಾಗಿ, ಫುಟ್‌ಪಾತಿನವರೆಲ್ಲ ಜಾಗ ಖಾಲಿ ಮಾಡಬೇಕೆಂದು ಕಚೇರಿಯಿಂದಲೇ ನೋಟೀಸು ಹೋಗಿತ್ತು. ನೋಟೀಸನ್ನು ಟೈಪು ಮಾಡಿದವನು ಹೂಜಿ. ಅದನ್ನು ಮುಗಿಸಿ ಜಿಪ್ಪಕ್ಕ ಮಾಡಿದ ಅನ್ನ ತಿನ್ನಲು ನಾಚಿಕೆಯಾಯಿತು. ಆದರೂ ಬಿಡಲಿಲ್ಲ, ತಿಂದ.

ಅದೇ ಹೊತ್ತಿಗೆ ನಿಲ್ದಾಣದ ಮೂಲೆಯ ಮಳಿಗೆ ಹರಾಜಿಗೆ ಬಂತು. ಷಟರ್ ಇತ್ತು, ಕರೆಂಟು ಇತ್ತು, ಎರಡು ಕಡೆಗೂ ಮುಖ. ಜಿಪ್ಪಕ್ಕನ ಕಣ್ಣು ಅದರ ಮೇಲೆ ಬಿತ್ತು. ಲಾರಿಯ ಟಾರ್ಪಾಲು ಹೊಲಿಯುವ ದೊಡ್ಡ ಮೆಷಿನ್ನೊಂದು ಅವಳಿಗೆ ಸಿಗುವುದಿತ್ತು. ಅದು ಬಂದರೆ ಜಿಪ್ಪಿನ ಚಿಲ್ಲರೆ ಹೋಗಿ ಟಾರ್ಪಾಲಿನ ನೋಟು ಬರುತ್ತದೆ. ಆದರೆ ಅಷ್ಟು ದೊಡ್ಡ ಮೆಷಿನ್ನನ್ನು ಗೋಣಿಯ ಮೇಲೆ ಇಡಲಾಗುವುದಿಲ್ಲವಲ್ಲ. ಮಳಿಗೆ ಸಿಕ್ಕಿದರೆ ಅಂಗಡಿ. ಸಿಗದಿದ್ದರೆ ಫುಟ್‌ಪಾತೂ ಇಲ್ಲ, ಮನೆಯಲ್ಲೇ ಕೂರಬೇಕು.

ಆ ಮಳಿಗೆಯ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ನಿಲ್ದಾಣದ ಎದುರಿನ ಹೋಟೆಲಿನ ಮಾಲೀಕ. ಅವನ ಮೀಸೆ ಹೋಟೆಲಿಗಿಂತ ಮುಂಚೆ ಗಿರಾಕಿಗಳಿಗೆ ಕಾಣುತ್ತಿದ್ದುದರಿಂದ ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುವರು. ಗ್ಯಾಸ್ ಸಿಲಿಂಡರು, ಖಾಲಿ ಬಾಟಲಿ ಇಡಲು ಅವನಿಗೆ ಒಂದು ಜಾಗ ಬೇಕಿತ್ತು. ಜಿಪ್ಪಕ್ಕನ ಹತ್ತರಷ್ಟು ದುಡ್ಡು ಅವನ ಗಲ್ಲಾಪೆಟ್ಟಿಗೆಯಲ್ಲಿ ಮಲಗಿತ್ತು.

ಒಂದು ಸಂಜೆ ಹೂಜಿ ಅವರ ಮನೆಯ ಹೊಸ್ತಿಲಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಅತ್ತೆ ಸೊಸೆಯರ ಮಾತು ನಡೆದಿತ್ತು.

"ಅತ್ತೇ, ಮಳಿಗೆ ಎಷ್ಟಕ್ಕೆ ಹೋಗಬಹುದು, ಒಂದು ಸುಳಿವು ಕೊಡಿ."

"ಕೊಡಲ್ಲ."

"ಊರಿಗೆಲ್ಲ ಲೋಟ ತೋರಿಸ್ತೀರಿ, ಮನೆಯವಳಿಗೆ ತೋರಿಸಲ್ವಾ?"

"ಊರಿಗೆಲ್ಲ ಕಾಣೋದನ್ನ ನಿನಗೊಬ್ಬಳಿಗೇ ತೋರಿಸೋಕೆ ನಾನೇನು ಕಣ್ಣಿನ ಡಾಕ್ಟ್ರಾ? ಸುಮ್ನಿರೆ. ಅಂಗಡಿ ಹಿಡಿದ್ರೆ ಅಂಗಡಿಗೆ ಸೊಸೆ ಆಗಬೇಕು. ಬೆಳಿಗ್ಗೆ ಹೋದ್ರೆ ರಾತ್ರಿ ಮನೆ."

"ಈಗ ನಿಮಗೆ ಸೊಸೆ ಆಗಿದ್ದೀನಲ್ಲ, ಅಂಗಡಿ ಅದಕ್ಕಿಂತ ಕಷ್ಟ ಕೊಡಲ್ಲ ಬಿಡಿ."

ಹರಾಜಮ್ಮ ಹೂಜಿಯ ಕಡೆ ತಿರುಗಿ, "ನೋಡಿದೆಯೇನಪ್ಪ ಬಾಯಿ? ಇದಕ್ಕೆ ಜಿಪ್ಪು ಹಾಕೋರು ಯಾರು?" ಎಂದಳು. ಆದರೆ ಹೇಳುವಾಗ ಅವಳ ಮುಖದಲ್ಲಿದ್ದದ್ದು ಸಿಟ್ಟಲ್ಲ. ತನ್ನ ಗಂಟಲನ್ನು ತನ್ನದೇ ಮನೆಯಲ್ಲಿ ಇನ್ನೊಬ್ಬರ ಕುತ್ತಿಗೆಯಲ್ಲಿ ಕೇಳಿದ ಹೆಮ್ಮೆಯಂಥದ್ದು.

ಜಿಪ್ಪಕ್ಕ ಡಿಪಾಜಿಟ್ಟು ಕಟ್ಟಿದ ಮರುದಿನವೇ ಹೊಸ ಅಧಿಕಾರಿ ಹರಾಜಮ್ಮನನ್ನು ಕರೆಸಿದರು. ಅವರು ಬಂದು ಹೆಚ್ಚು ದಿನವಾಗಿರಲಿಲ್ಲ. ಕಡಿಮೆ ಮಾತಿನ, ನೇರ ನೋಟದ ಹೆಂಗಸು.

"ನೋಡಿಮ್ಮಾ, ನಿಮ್ಮ ಸೊಸೆ ಸವಾಲಿಗೆ ನಿಂತಿದ್ದಾರೆ. ಅದಕ್ಕೆ ನಿಯಮದಲ್ಲಿ ಅಡ್ಡಿ ಇಲ್ಲ. ಆದ್ರೆ ಆ ಮಳಿಗೆ ಬಂದಾಗ ಸುತ್ತಿಗೆ ನಿಮ್ಮ ಕೈಯಲ್ಲಿ ಇರೋ ಹಾಗಿಲ್ಲ."

"ಸರಿಯಾಗಿ ಹೇಳಿದ್ರಿ ಮೇಡಮ್ಮೋರೆ. ನಿಮ್ಮ ಜಾಗದಲ್ಲಿ ನಾನಿದ್ರೂ ಹಾಗೇ ಹೇಳ್ತಿದ್ದೆ."

"ಆಮೇಲೆ ಏನಾದ್ರೂ ಕೈವಾಡ ಅಂತ ದೂರು ಬಂದ್ರೆ ಹರಾಜು ರದ್ದು ಮಾಡ್ಬೇಕಾಗುತ್ತೆ. ನಿಮ್ಮ ಕೆಲಸಕ್ಕೂ ಕುತ್ತು."

"ಬರಲಿ ಬಿಡಿ. ಮುಚ್ಚಿಡೋದೇನಿದೆ?"

"ಹಾಗಾದ್ರೆ ಅದೊಂದನ್ನ ಯಾರು ಕೂಗ್ತಾರೆ?"

ಕೋಣೆಯಲ್ಲಿದ್ದ ಸಿಬ್ಬಂದಿಯೆಲ್ಲ ಫ್ಯಾನಿನ ರೆಕ್ಕೆಗಳನ್ನು ಅಧ್ಯಯನ ಮಾಡತೊಡಗಿದರು. ಹೂಜಿ ಜಾಣತನ ಮಾಡಿ ಪೆನ್ನು ಬೀಳಿಸಿ, ಅದನ್ನು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಹೋದ. ಮೇಲೆ ಬಂದಾಗ ಎಲ್ಲರೂ ಅವನನ್ನೇ ನೋಡುತ್ತಿದ್ದರು.

ತರಬೇತಿ ಕೊಟ್ಟವಳು ಹರಾಜಮ್ಮನೇ. ಕಚೇರಿಯ ಹಿಂದಿನ ದೊಡ್ಡಿಗೆ ಕರೆದುಕೊಂಡು ಹೋಗಿ, ಅಲ್ಲಿ ಕಟ್ಟಿಹಾಕಿದ್ದ ಮೇಕೆಯ ಎದುರು ನಿಲ್ಲಿಸಿದಳು. "ಕೂಗು."

"ಒಂದನೇ ಸಾರಿ..."

"ಸಾಲ ಕೇಳೋಕೆ ಬಂದೋನ ಹಾಗೆ ಗೊಣಗಬೇಡ. ಹೊಟ್ಟೆಯಿಂದ ಬರಲಿ. ದಿನಾ ನನ್ನ ಡಬ್ಬಿ ಖಾಲಿ ಮಾಡ್ತೀಯಲ್ಲ, ಎಲ್ಲಿ ಹೋಯ್ತು ಅದೆಲ್ಲ?"

"ಒಂದನೇ ಸಾರೀ!"

ಮೇಕೆ ಉತ್ತರ ಕೊಟ್ಟಿತು. ಅದರ ದನಿ ಇವನಿಗಿಂತ ಗಟ್ಟಿಯಾಗಿತ್ತು. ಹರಾಜಮ್ಮ ಮೇಕೆಯನ್ನೂ ಹೂಜಿಯನ್ನೂ ಒಂದು ಸಲ ಹೋಲಿಸಿ ನೋಡಿ, ನಿಟ್ಟುಸಿರು ಬಿಟ್ಟು, "ಸಂಬಳ ತಗೊಳ್ಳೋನು ನೀನಾಗಿರೋದ್ರಿಂದ ನೀನೇ ಕೂಗಬೇಕು" ಎಂದಳು.

ಹರಾಜಿನ ದಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆ ಸೊಸೆಯ ಪ್ರಸಂಗ ನೋಡಲೆಂದೇ, ಕೊಳ್ಳುವುದೇನೂ ಇಲ್ಲದ ಜನವೂ ಬಂದಿತ್ತು. ಮೀನು, ದೋಣಿ, ಮಳಿಗೆಗಳೆಲ್ಲ ಹರಾಜಮ್ಮನ ಗಂಟಲಿನಿಂದ ಸಲೀಸಾಗಿ ಹೊರಬಿದ್ದು ಒಬ್ಬೊಬ್ಬರ ಮಡಿಲು ಸೇರಿದವು. ಕೊನೆಗೆ ಮೂಲೆಯ ಮಳಿಗೆ. ಹರಾಜಮ್ಮ ಸುತ್ತಿಗೆಯನ್ನು ಹೂಜಿಯ ಕೈಗೆ ಕೊಟ್ಟು ಜಗಲಿಯಿಂದ ಇಳಿದಳು. ಲೋಟವನ್ನು ಕೊಡಲಿಲ್ಲ. ಅದು ಅವಳ ಸ್ವಂತದ್ದು. ಕೈಯಲ್ಲೇ ಹಿಡಿದುಕೊಂಡು ಕಿಟಕಿಯ ಪಕ್ಕದ ಬೆಂಚಿನಲ್ಲಿ ಹೋಗಿ ಕೂತಳು.

"ಮೂಲೆ ಮಳಿಗೆ! ಸರ್ಕಾರಿ ಸವಾಲು ಇಪ್ಪತ್ತು ಸಾವಿರ!" ಹೂಜಿಯ ದನಿ ಮೊದಲನೇ ಪದದಲ್ಲಿ ಒಡೆಯಿತು, ಎರಡನೆಯದರಲ್ಲಿ ಕೂಡಿಕೊಂಡಿತು. ಯಾರೋ "ಮ್ಯಾ" ಎಂದರು. ದೊಡ್ಡಿಯ ಸುದ್ದಿ ಊರು ತುಂಬಿತ್ತು.

ಮೊದಲು ನಾಲ್ಕೈದು ಜನ ಏರಿಸಿದರು. ಆಮೇಲೆ ಒಬ್ಬೊಬ್ಬರಾಗಿ ಕಳಚಿಕೊಂಡು, ಮೀಸೆ ಮತ್ತು ಜಿಪ್ಪಕ್ಕ ಇಬ್ಬರೇ ಉಳಿದರು. ಮೀಸೆ ಕೂತಲ್ಲಿಂದಲೇ, ಚಹಾಕ್ಕೆ ಹೇಳುವವನ ಹಾಗೆ ಬೆರಳೆತ್ತಿ ಏರಿಸುತ್ತಿದ್ದ. ಜಿಪ್ಪಕ್ಕ ನಿಂತೇ ಇದ್ದಳು. ಮೂವತ್ತೈದು. ಮೂವತ್ತೇಳು. ಮೂವತ್ತೊಂಬತ್ತು.

"ನಲವತ್ತು" ಎಂದಳು ಜಿಪ್ಪಕ್ಕ. ಹೇಳಿ ಕೂತುಬಿಟ್ಟಳು. ಅವಳ ಕೈ ಸೆರಗಿನ ಗಂಟನ್ನು ಹಿಡಿದುಕೊಂಡ ರೀತಿ ನೋಡಿ, ಅಲ್ಲಿಗೆ ಅವಳ ಶಕ್ತಿ ಮುಗಿಯಿತೆಂದು ಹಾಲಿನ ಕೊನೆಯ ಸಾಲಿಗೂ ಗೊತ್ತಾಯಿತು. ಮೀಸೆ ಇನ್ನೊಂದು ಬೆರಳೆತ್ತಿದರೆ ಸಾಕು.

"ನಲವತ್ತು ಸಾವಿರ, ಒಂದನೇ ಸಾರಿ!"

ಮೀಸೆ ಮೀಸೆ ನೀವಿಕೊಂಡ.

"ಎರಡನೇ ಸಾರಿ!"

ಈಗ ನಿಲ್ಲಿಸಿ ಕಾಯಬೇಕೆಂದು ಹೂಜಿಗೆ ಗೊತ್ತಿತ್ತು. ಹೇಗೆ ಕಾಯಬೇಕೆಂದು ಗೊತ್ತಿರಲಿಲ್ಲ; ಅವನಿಗೆ ಲೋಟವಿರಲಿಲ್ಲ. ಸುತ್ತಿಗೆ ಎತ್ತಿಕೊಂಡು, ಆದಷ್ಟು ಗಂಭೀರವಾಗಿ ಜನರತ್ತ ನೋಡಿದ. ಒಬ್ಬರೂ ಅವನನ್ನು ನೋಡುತ್ತಿರಲಿಲ್ಲ. ಅಷ್ಟೂ ತಲೆಗಳು ಕಿಟಕಿಯ ಕಡೆ ತಿರುಗಿದ್ದವು.

ಹರಾಜಮ್ಮ ಲೋಟ ಎತ್ತಿದಳು.

ಅಧಿಕಾರಿ ಮೇಡಂ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಹರಾಜಮ್ಮ ಕುಡಿದಳು. ಅವಸರವಿಲ್ಲದೆ, ಗುಟುಕು ಗುಟುಕಾಗಿ, ಗಂಟಲ ನರ ಏರಿ ಇಳಿಯುವುದು ಕಾಣುವಂತೆ ಕುಡಿದಳು. "ಉಪ್ಪು ತಿಂದೋರು ನೀರು ಕುಡೀಲೇಬೇಕು!" ಎಂದು ಹಿಂದಿನಿಂದ ಒಬ್ಬ ಕೂಗಿದ. ನಗು ಎದ್ದಿತು. ಅವಳು ನಿಲ್ಲಿಸಲಿಲ್ಲ. ತಳ ಕಾಣುವ ತನಕ ಕುಡಿದು ಲೋಟವನ್ನು ತಿರುಗಿಸಿ ನೋಡಿದಳು. ಮಳಿಗೆ ಇನ್ನೂ ಬೆಲೆ ಬಾಳುತ್ತದೆ. ಮೀಸೆಯ ಕೈ ಅರ್ಧಕ್ಕೆ ಎದ್ದಿತು. ಜಿಪ್ಪಕ್ಕ ಕಣ್ಣು ಮುಚ್ಚಿಕೊಂಡಳು.

ಅಷ್ಟಕ್ಕೇ ಬಿಟ್ಟಿದ್ದರೆ ಮಳಿಗೆ ಮೀಸೆಯದಾಗುತ್ತಿತ್ತು. ಆದರೆ ಹರಾಜಮ್ಮ ಬೆಂಚಿನಿಂದ ಎದ್ದಳು. ಜನ ದಾರಿ ಬಿಟ್ಟರು. ಜಗಲಿಯ ಹತ್ತಿರ ಬಂದು, ಮೇಜಿನ ಮೇಲಿದ್ದ ಮಣ್ಣಿನ ಹೂಜಿಯನ್ನು ಕಣ್ಣಲ್ಲೇ ತೋರಿಸಿ, ಖಾಲಿ ಲೋಟವನ್ನು ಗುಮಾಸ್ತನ ಮುಂದೆ ಚಾಚಿದಳು.

"ಇನ್ನೊಂದು ಸ್ವಲ್ಪ ಹಾಕಪ್ಪ."

ಹೂಜಿ ಸುತ್ತಿಗೆಯನ್ನು ಎಡಗೈಗೆ ಬದಲಿಸಿ ಮಣ್ಣಿನ ಹೂಜಿ ಎತ್ತಿಕೊಂಡ. ಹಾಕದಿದ್ದರೆ ಬಾಯಾರಿದವಳಿಗೆ ನೀರು ಕೊಡದ ಪಾಪಿ. ಹಾಕಿದರೆ ಮತ್ತೆ ಅದೇ ಹುಲ್ಲು, ಅದೇ ಕುಡುಗೋಲು. ಕೈ ಅಭ್ಯಾಸಬಲದಿಂದ ತಾನೇ ಮುಂದೆ ಹೋಗಿ ಲೋಟ ತುಂಬಿಸಿತು. ಅಂಚಿನ ತನಕ.

"ಅಯ್ಯಯ್ಯೋ, ಹುಲ್ಲು! ಹುಲ್ಲು!" ಕೊನೆಯ ಸಾಲಿನಲ್ಲಿ ಹಾಲಿನವನು ಎದ್ದು ನಿಂತು, ಬೆಂಕಿ ಬಿದ್ದದ್ದನ್ನು ಕಂಡವನ ಹಾಗೆ ಕಿರುಚಿದ. "ಯಾರೂ ಏರಿಸ್ಬೇಡ್ರಪ್ಪೋ! ನಾನು ಏರಿಸಿ ಕೆಟ್ಟೆ!"

ಮೀಸೆಯ ಕೈ ಗಾಳಿಯಲ್ಲೇ ನಿಂತಿತು. ಅವನು ಹರಾಜಮ್ಮನನ್ನು ನೋಡಿದ. ಜಿಪ್ಪಕ್ಕನನ್ನು ನೋಡಿದ. ಹೂಜಿಯನ್ನೂ ಅವನ ಕೈಯಲ್ಲಿದ್ದ ಹೂಜಿಯನ್ನೂ ನೋಡಿದ. ಅವನ ಮುಖದ ಮೇಲೆ ಒಂದೊಂದೇ ಲೆಕ್ಕ ಬಂದು ಹೋಗುವುದು ಜಗಲಿಯಿಂದ ಚೆನ್ನಾಗಿ ಕಾಣುತ್ತಿತ್ತು. ಅತ್ತೆಯಾದವಳು ಸೊಸೆಯ ಎದುರಾಳಿಗೆ ಹೆಚ್ಚಿಗೆ ಕೂಗು ಎಂದು ಹೇಳುತ್ತಾಳೆಂದರೆ ಏನೋ ಇದೆ. ಒಂದು ಲೋಟ ಕುಡಿದದ್ದು ಸಾಲದೆಂದು ಇನ್ನೊಂದು ತುಂಬಿಸಿಕೊಂಡಳೆಂದರೆ ಖಂಡಿತ ಏನೋ ಇದೆ. ಷಟರ್ ಕೆಟ್ಟಿರಬೇಕು. ಇಲ್ಲವೇ ರಸ್ತೆ ಅಗಲವಾಗುವಾಗ ಮಳಿಗೆಯೂ ಹೋಗುತ್ತದೆ, ಕಚೇರಿಯವರಿಗೆ ಗೊತ್ತಿರುತ್ತದೆ. ಮೂವರೂ ಸೇರಿ ತನ್ನನ್ನು ಮರ ಹತ್ತಿಸಿ ಏಣಿ ತೆಗೆಯುತ್ತಿದ್ದಾರೆ!

ಎದ್ದಿದ್ದ ಕೈಯನ್ನು ಅವನು ಜಾಣನ ಮುಗುಳ್ನಗೆಯೊಂದಿಗೆ ಇಳಿಸಿ, ಮೀಸೆ ನೀವುವ ಕೆಲಸಕ್ಕೆ ಹಚ್ಚಿದ.

ಹರಾಜಮ್ಮ ಎರಡನೇ ಲೋಟವನ್ನೂ ಮುಗಿಸಿದಳು. ಯಾರ ಕೈಯೂ ಏಳಲಿಲ್ಲ. ಖಾಲಿ ಲೋಟದ ತಳ ನೋಡುತ್ತ ಅವಳು ಇನ್ನೂ ನಿಂತೇ ಇದ್ದಳು.

"ಮೂರನೇ ಸಾರಿ!" ಹೂಜಿ ಹೊಟ್ಟೆಯಿಂದ ಕೂಗಿ, ಸುತ್ತಿಗೆಯನ್ನು ಬಲವಾಗಿ ತನ್ನ ಹೆಬ್ಬೆರಳಿನ ಮೇಲೆ ಹೊಡೆದುಕೊಂಡ.

ಜಿಪ್ಪಕ್ಕ ರಸೀದಿ ಮಾಡಿಸಿ ಮಳಿಗೆಯ ಕೀಲಿಕೈ ತೆಗೆದುಕೊಳ್ಳುವ ಹೊತ್ತಿಗೆ, ಷಟರ್ ಸರಿಯಾಗಿದೆ, ರಸ್ತೆ ಅಗಲವಾದರೂ ಮಳಿಗೆಯ ಕೂದಲೂ ಕೊಂಕುವುದಿಲ್ಲ ಎಂಬ ಸುದ್ದಿ ಮೀಸೆಯ ಕಿವಿಗೆ ಬಿತ್ತು. ಅವನು ನೇರವಾಗಿ ಮೇಡಂ ಕೋಣೆಗೆ ನುಗ್ಗಿದ. ಹರಾಜಮ್ಮನನ್ನೂ, ಹೆಬ್ಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡಿದ್ದ ಹೂಜಿಯನ್ನೂ ಕರೆಸಲಾಯಿತು. ಹೂಜಿಗೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹರಾಜು ರದ್ದಾದರೆ ಜಿಪ್ಪಕ್ಕನಿಗೆ ಅಂಗಡಿ ಹೋಗುತ್ತದೆ, ಹರಾಜಮ್ಮನಿಗೆ ಜಗಲಿ ಹೋಗುತ್ತದೆ, ತನಗೆ ಎಲ್ಲವೂ ಹೋಗುತ್ತದೆ ಎಂದು ಅವನು ಗೋಡೆಗೆ ಒತ್ತಿಕೊಂಡು ನಿಂತ.

"ಇದರಲ್ಲಿ ಕೈವಾಡ ಇದೆ ಮೇಡಂ. ಇವರು ನೀರು ಕುಡಿದು ನನ್ನನ್ನ ತಡೆದ್ರು."

ಮೇಡಂ ಪೆನ್ನು ತೆರೆದರು. "ಇವರು ಲೋಟ ಪೂರ್ತಿ ಕುಡಿದ್ರೆ ಏನು ಅರ್ಥ?"

"ಏರಿಸಿ ಅಂತ."

"ಅಂದ್ರೆ ನಿಮಗೆ ಏರಿಸಿ ಅಂತ ಹೇಳಿದ್ರು."

"ಹೌದು ಮೇಡಂ."

"ಅದೂ ಎರಡು ಸಲ. ಮತ್ತೆ ನೀವ್ಯಾಕೆ ಏರಿಸ್ಲಿಲ್ಲ?"

"ಅದೇ ಮೇಡಂ, ಅವರು ಏರಿಸಿ ಅಂದಿದ್ದಕ್ಕೇ ಏರಿಸ್ಲಿಲ್ಲ."

ಮೇಡಂ ಸ್ವಲ್ಪ ಹೊತ್ತು ಬರೆಯಲು ಪ್ರಯತ್ನಿಸಿದರು. ಆಮೇಲೆ ಪೆನ್ನು ಮುಚ್ಚಿಟ್ಟರು. "ಇದನ್ನ ದೂರು ಅಂತ ಹೇಗೆ ಬರ್ಕೊಳ್ಳೋದು ಅಂತ ನೀವೇ ಹೇಳಿ. ಬರ್ಕೋತೀನಿ."

ಮೀಸೆ ತಾನು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಒಂದು ಸಲ ಓದಿಕೊಂಡವನ ಹಾಗೆ ಕಂಡ. "ಹೋಗಲಿ ಬಿಡಿ ಮೇಡಂ, ಹೋಟೆಲ್ ಮುಂದೆ ಗಿರಾಕಿ ಕಾಯ್ತಿರ್ತಾರೆ" ಎಂದು ಹೊರಟುಹೋದ. ಹೂಜಿ ಗೋಡೆಯಿಂದ ಕಳಚಿಕೊಂಡ.

ಬಾಗಿಲಲ್ಲಿ ಜಿಪ್ಪಕ್ಕ ಕೀಲಿಕೈ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಮೇಡಂ ಎದ್ದರು. ಅಧಿಕಾರಿಯಾಗಿ ಕೇಳಬೇಕಾದದ್ದು ಮುಗಿದಿತ್ತು. ಆದರೂ ಕುತೂಹಲ ಯಾರಪ್ಪನ ಸ್ವತ್ತು?

"ಬರ್ಕೊಳ್ಳಲ್ಲ, ಸುಮ್ನೆ ಕೇಳ್ತೀನಿ. ನೀರಿನ ಅರ್ಥ ಇಡೀ ಊರಿಗೆ ಗೊತ್ತು, ನಿಮಗೆ ಗೊತ್ತಿಲ್ದೆ ಇರುತ್ತಾ? ನಿಜ ಹೇಳಿ. ಆ ಎರಡು ಲೋಟ ಸೊಸೆ ಗೆಲ್ಲಲಿ ಅಂತ ಕುಡಿದ್ರೋ, ಸೋಲಲಿ ಅಂತಲೋ?"

ಹೂಜಿ ಹೆಬ್ಬೆರಳಿನ ನೋವು ಮರೆತ. ಜಿಪ್ಪಕ್ಕನ ಕೈಯಲ್ಲಿ ಕೀಲಿಕೈಯ ಸದ್ದು ನಿಂತಿತು. ಹರಾಜಮ್ಮ ಸೊಸೆಯ ಮುಖ ನೋಡಿದಳು, ಮೇಡಂ ಮುಖ ನೋಡಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ, ಸಭಾಂಗಣದ ಕೊನೆಯ ಸಾಲಿಗೂ ಕೇಳಿಸುವ ತನ್ನ ಅದೇ ದನಿಯಲ್ಲಿ, ಯಾವ ಅಳುಕೂ ಇಲ್ಲದೆ ಹೇಳಿದಳು:

"ಸೋಲಲಿ ಅಂತ. ಇವಳು ಅಂಗಡಿಗೆ ಹೋದ್ರೆ ನಾಳೆಯಿಂದ ಅಡುಗೆ ನಾನು ಮಾಡ್ಬೇಕು. ನಾನು ಮಾಡಿದ್ದನ್ನ ತಿನ್ನಬೇಕಾದೋಳೂ ನಾನೇ."